ಮುತ್ತಜ್ಜಿಯ ಹೆಸರು ಯಾರಿಗೆ ಗೊತ್ತು?

ನಮ್ಮ ಊರು ತುಮಕೂರು ಜಿಲ್ಲೆಯಲ್ಲಿದೆ. ವರ್ಷಕ್ಕೆ ಎರಡು ಸಲ ಮಾತ್ರ ನಾನು ತಪ್ಪದೆ ಅಲ್ಲಿಗೆ ಹೋಗೋದು: ಯುಗಾದಿಗೆ ಒಂದ್ಸಲ, ಮಹಾಲಯ ಅಮಾವಾಸ್ಯೆಗೆ ಇನ್ನೊಂದ್ಸಲ. ಅಮಾವಾಸ್ಯೆ ದಿನ ಹಿರಿಯರಿಗೆ ಎಡೆ ಇಡ್ತೀವಿ. ಗೋಡೆ ಪಕ್ಕ ಕಳಶ ಇಟ್ಟು, ಅದರ ಎರಡೂ ಕಡೆ ಹೊಸ ಪಂಚೆ, ಶಲ್ಯ, ಹೊಸ ಸೀರೆ, ಬಳೆ. ಮುಂದೆ ಬಾಳೆ ಎಲೆ ತುಂಬ ಅಡಿಗೆ, ಜೊತೆಗೆ ಎಲೆಅಡಿಕೆ, ತಾತನಿಗೆ ಅಂತ ಒಂದು ಕಟ್ಟು ಬೀಡಿ. ಪೂಜೆ ಆದ್ಮೇಲೆ ಬಾಗಿಲು ಹಾಕಿ ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲಬೇಕು. ಹಿರಿಯರು ಬಂದು ಊಟ ಮಾಡಿ ಹೋಗಲಿ ಅಂತ.

ಕೆಲವು ವರ್ಷದ ಹಿಂದೆ ಹಾಗೆ ಹೊರಗೆ ನಿಂತಿದ್ದಾಗ ಸುಮ್ಮನೆ ಕೇಳಿದೆ: "ಪಂಚೆ ಯಾರ ಹೆಸರಲ್ಲಿ?" ದೊಡ್ಡಪ್ಪ ಹೈಸ್ಕೂಲು ಮೇಷ್ಟ್ರಾಗಿ ರಿಟೈರ್ ಆದವರು, ಪಟಪಟ ಅಂತ ಐದು ತಲೆಮಾರಿನ ಹೆಸರು ಹೇಳಿದ್ರು. "ಹಾಗಾದ್ರೆ ಸೀರೆ?" ಅಂದೆ. ಅಜ್ಜಿ ಹೆಸರು ಹೇಳಿದ್ರು. ಅದಕ್ಕಿಂತ ಹಿಂದೆ? ಮುತ್ತಾತನ ಹೆಂಡತಿ, ಅಂದ್ರೆ ದೊಡ್ಡಪ್ಪನ ಸ್ವಂತ ಅಜ್ಜಿ? ದೊಡ್ಡಪ್ಪ ಅಪ್ಪನ ಮುಖ ನೋಡಿದ್ರು, ಅಪ್ಪ ಚಿಕ್ಕಪ್ಪನ ಮುಖ ನೋಡಿದ್ರು. ಯಾರಿಗೂ ಗೊತ್ತಿಲ್ಲ. "ನಾವು ಹುಟ್ಟೋ ಮುಂಚೆನೇ ಹೋಗ್ಬಿಟ್ಟಿದ್ರಲ್ಲ" ಅಂದ್ರು. ಆದ್ರೆ ಅದಕ್ಕಿಂತ ಮುಂಚೆ ಹೋದ ಗಂಡಸರ ಹೆಸರೆಲ್ಲ ಗೊತ್ತಿತ್ತು!

ಬೆಂಗಳೂರಿಗೆ ವಾಪಸ್ ಬಂದವಳು ಆ ಶನಿವಾರ ಲ್ಯಾಪ್‌ಟಾಪ್ ತೆಗೆದು ಒಂದು ಎಕ್ಸೆಲ್ ಶೀಟ್ ಶುರು ಮಾಡಿದೆ. ಒಂದೊಂದು ಮನೆಯವರ ಹೆಸರು ತುಂಬಿ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ರೆ ಉಳಿದಿದ್ದನ್ನ ಎಲ್ಲರೂ ಸೇರಿ ತುಂಬಿಸ್ತಾರೆ, ಒಂದು ತಿಂಗಳಲ್ಲಿ ಮುಗಿಯುತ್ತೆ ಅನ್ಕೊಂಡಿದ್ದೆ. ಮುಗಿಯೋಕೆ ಎರಡು ವರ್ಷ ಹಿಡೀತು. ಈಗಲೂ ಮುಗಿದಿದೆ ಅಂತ ಧೈರ್ಯವಾಗಿ ಹೇಳಲಾರೆ.

ಮೊದಲ ಮೆಸೇಜ್ ಹಾಕಿದ ಅರ್ಧ ಗಂಟೆಗೆ ದೊಡ್ಡಪ್ಪನ ಫೋನ್ ಬಂತು. ಗ್ರೂಪಲ್ಲಿ ಅಲ್ಲ, ಬೇರೆಯಾಗಿ. "ಯಾಕವ್ವಾ, ವಂಶವೃಕ್ಷ ಯಾಕೀಗ? ಪಾಲು ಗೀಲು ಕೇಳೋ ಯೋಚನೆ ಏನಾದ್ರೂ ಇದೆಯಾ?" ನಕ್ಕು ಕೇಳಿದ್ರು, ಆದ್ರೆ ನಗು ಪೂರ್ತಿ ಇರಲಿಲ್ಲ.

ನನಗೆ ಬೇಜಾರಾಯ್ತು. ಆಮೇಲೆ ಯೋಚನೆ ಮಾಡಿದಾಗ ಅವರ ತಪ್ಪಿಲ್ಲ ಅನ್ನಿಸ್ತು. ನಮ್ಮಂಥ ಸಿಟಿಯವರಿಗೆ ಫ್ಯಾಮಿಲಿ ಟ್ರೀ ಅಂದ್ರೆ ಹವ್ಯಾಸ. ಊರಲ್ಲಿ ವಂಶವೃಕ್ಷ ಅಂದ್ರೆ ಸರ್ಕಾರಿ ಕಾಗದ. ಜಮೀನಿನ ಖಾತೆದಾರ ತೀರಿಕೊಂಡ್ರೆ ಪೌತಿ ಖಾತೆ ಮಾಡಿಸಬೇಕು, ಅಂದ್ರೆ ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಕೂರಿಸಬೇಕು. ಅದಕ್ಕೆ ವಂಶವೃಕ್ಷ ಬೇಕು. ಆ ಕಾಗದದಲ್ಲಿ ಹೆಸರು ಇದ್ದವರಿಗೆ ಹಕ್ಕು ಇದೆ, ಇಲ್ಲದವರು ಅದನ್ನ ಕೋರ್ಟಿಗೆ ಹೋಗಿ ಸಾಬೀತು ಮಾಡ್ಬೇಕು. ಹಾಗಾಗಿ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಹೆಸರು ಒಂದೋ ಆ ಕಾಗದದಲ್ಲಿ ಬರೋದೇ ಇಲ್ಲ, ಇಲ್ಲ ಅಂದ್ರೆ ಬಂದ ಬೆನ್ನಿಗೇ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಬೀಳುತ್ತೆ. ಸಹಿಗೆ ಒಂದು ಸೀರೆ, ಒಂದು ಹಬ್ಬದೂಟ.

ಕಾನೂನು ಈ ವಿಷಯದಲ್ಲಿ ನಿಧಾನವಾಗಿಯೇ ನಡೆದು ಬಂದಿದೆ. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಬಂತು. ಮನೆ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಒಂದಿಷ್ಟು ಸಿಗಬೇಕು ಅಂತ ಹೇಳಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತಂದೆಯ ಪಾಲಿನಲ್ಲಿ ಮಗಳಿಗೂ ಭಾಗ ಬಂತು. ಆದ್ರೆ ಪಿತ್ರಾರ್ಜಿತ ಆಸ್ತಿಗೆ ಹುಟ್ಟಿನಿಂದಲೇ ಹಕ್ಕುದಾರ ಆಗೋದು ಮಗ ಮಾತ್ರ. ಕರ್ನಾಟಕ ತನ್ನದೇ ತಿದ್ದುಪಡಿ ತಂದು 1994ರ ಜುಲೈ 30ರಿಂದ ಮಗಳಿಗೂ ಆ ಹಕ್ಕು ಕೊಡ್ತು, ಅಷ್ಟರೊಳಗೆ ಮದುವೆಯಾದವರನ್ನ ಬಿಟ್ಟು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಕೇಂದ್ರದ ತಿದ್ದುಪಡಿ ಬಂದಾಗ ಮದುವೆಯ ಷರತ್ತು ಹೋಯ್ತು. ಆ ದಿನ ತಂದೆ ಬದುಕಿರಬೇಕಿತ್ತಾ ಅನ್ನೋ ಜಗಳ ಹದಿನೈದು ವರ್ಷ ನಡೆದು, 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು 'ಬೇಕಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದಿದ್ದು' ಅಂತ ಹೇಳ್ತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ರಿಜಿಸ್ಟರ್ ಆದ ವಿಭಾಗ ಪತ್ರಗಳನ್ನ ಮಾತ್ರ ಈ ಕಾನೂನು ಮುಟ್ಟೋದಿಲ್ಲ.

ನಮ್ಮ ಮನೆಯ ಪಾಲು ಅದಕ್ಕೂ ಎಷ್ಟೋ ವರ್ಷ ಮುಂಚೆನೇ ಮುಗಿದು ರಿಜಿಸ್ಟರ್ ಆಗಿತ್ತು. "ದೊಡ್ಡಪ್ಪ, ನಂಗೆ ಜಮೀನು ಬೇಡ, ಮುತ್ತಜ್ಜಿ ಹೆಸರು ಬೇಕು" ಅಂದೆ. "ಅದೊಂದು ಹೆಸರು ಇಟ್ಕೊಂಡು ಏನು ಮಾಡ್ತೀಯಾ?" ಅಂದ್ರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ಹಳೇ ತಲೆಮಾರಿನವರ ಹೆಸರನ್ನ ಯಾರು, ಯಾತಕ್ಕೆ ನೆನಪಿಟ್ಟಿದ್ರು ಅಂತ ಹುಡುಕೋಕೆ ಶುರು ಮಾಡಿದ್ದು ಆಗಲೇ.

ಮೊದಲು ಸಿಕ್ಕಿದ್ದು ಹೆಳವರು. ನಿಮ್ಮ ಅಪ್ಪ ಅಮ್ಮ ಹಳ್ಳಿ ಕಡೆಯವರಾದ್ರೆ ಕೇಳಿ ನೋಡಿ, ನೆನಪಿರುತ್ತೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸ್ಕೊಂಡು ಊರಿಗೆ ಬರ್ತಿದ್ರು. ಮನೆ ಮುಂದೆ ನಿಂತು ಆ ಮನೆಯ ವಂಶಾವಳಿ ಹೇಳ್ತಿದ್ರು: ನಿಮ್ಮ ಮೂಲ ಎಲ್ಲಿ, ಯಾವ ಊರು ಬಿಟ್ಟು ಬಂದ್ರಿ, ಮನೆದೇವರು ಯಾವುದು, ಅಣ್ಣತಮ್ಮಂದಿರು ಯಾವಾಗ ಬೇರೆಯಾದ್ರಿ. ಹೆಳವ ಅಂದ್ರೆ ಕುಂಟ ಅಂತ ಅರ್ಥ. 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಇವರ ಬಗ್ಗೆ ಒಂದು ಸಣ್ಣ ಟಿಪ್ಪಣಿ ಇದೆ. ಬಳ್ಳಾರಿ, ಮೈಸೂರು ಕಡೆಯ ಹೆಳವರು ಕಾಲನ್ನ ಕಂಬಳಿಯಿಂದ ಮುಚ್ಚಿಕೊಂಡು ಎತ್ತಿನ ಮೇಲೆ ಬರ್ತಾರೆ, ಮನೆಮನೆಗೂ ಹೋಗಿ ಆ ಮನೆತನದ ಕಥೆ ಹೇಳ್ತಾರೆ, ಯುದ್ಧದಲ್ಲಿ ಸತ್ತ ವೀರರ ಹೆಸರು ಹೇಳ್ತಾರೆ ಅಂತ. ಊರಿನ ಚರಿತ್ರೆ ಇವರ ಕೈಯಲ್ಲಿದೆ ಅನ್ನೋದನ್ನ ಥರ್ಸ್ಟನ್ ಕೂಡ ಗಮನಿಸಿದ್ದ.

ಅಪ್ಪನಿಗೆ ನೆನಪಿದೆ. ಅವರು ಚಿಕ್ಕವರಿದ್ದಾಗ ಹೆಳವರು ಬಂದ್ರೆ ತಾತ ಒಂದು ಮೊರ ರಾಗಿ, ಹಳೇ ಪಂಚೆ ಕೊಟ್ಟು ಕಳಿಸ್ತಿದ್ರಂತೆ. ಹೊಸದಾಗಿ ಗಂಡು ಹುಟ್ಟಿದ್ರೆ ಆ ಹೆಸರನ್ನ ಅವರ ಪುಸ್ತಕಕ್ಕೆ ಸೇರಿಸೋದು. "ಅತ್ತೆ ಹುಟ್ಟಿದಾಗ ಸೇರಿಸಿದ್ರಾ?" ಅಂತ ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಇಲ್ಲ ಅನ್ಸುತ್ತೆ. ಹೆಣ್ಣುಮಕ್ಕಳನ್ನ ಬರೆಸ್ತಿರಲಿಲ್ಲ" ಅಂದ್ರು. ಹೆಳವರದ್ದೇನೂ ತಪ್ಪಿಲ್ಲ. ಅವರು ಮನೆತನದ ಲೆಕ್ಕ ಇಡೋರು. ಮುಂದಿನ ಸುಗ್ಗಿಗೆ ಈ ಮನೆಯ ಕಣದಲ್ಲಿ ರಾಗಿ ಅಳೆದು ಕೊಡೋನು ಯಾರೋ ಅವನ ಹೆಸರು ಅವರಿಗೆ ಬೇಕಿತ್ತು. ನಮ್ಮ ಊರಿಗೆ ಅವರು ಬರೋದು ನಿಂತು ಬಹಳ ವರ್ಷ ಆಯ್ತು. ಅವರ ಪುಸ್ತಕ ಎಲ್ಲಿದೆಯೋ ನಮ್ಮಲ್ಲಿ ಯಾರಿಗೂ ತಿಳಿಯದು.

ಹೆಳವರು ಬಿಟ್ರೆ ಶಾನುಭೋಗರು. ಆಫೀಸಲ್ಲಿ ಫೈಲಿಗೆ ಕನ್ನಡದಲ್ಲಿ ಕಡತ ಅಂತೀವಲ್ಲ, ಅದು ಮೂಲದಲ್ಲಿ ಕಾಗದವೇ ಅಲ್ಲ, ಬಟ್ಟೆ. ಹತ್ತಿ ಬಟ್ಟೆಗೆ ಹುಣಸೆ ಬೀಜದ ಸರಿ, ಇದ್ದಿಲ ಪುಡಿ ಬಳಿದು ಕಪ್ಪಗೆ ಮಾಡಿ, ಪುಸ್ತಕದ ಹಾಗೆ ಮಡಚಿ, ಅದರ ಮೇಲೆ ಬಳಪದಲ್ಲಿ ಬರೀತಿದ್ರು. ಬೇಡ ಅಂದ್ರೆ ಒರೆಸಿ ಮತ್ತೆ ಬರೀಬಹುದು. ಊರಿನ ಜಮೀನು, ಕಂದಾಯ, ಬಾಕಿ ಎಲ್ಲ ಅದರಲ್ಲಿ. ಮೈಸೂರಿನಲ್ಲಿ 1863ರ ಹೊತ್ತಿಗೆ ರೆವಿನ್ಯೂ ಸರ್ವೆ ಶುರುವಾಯ್ತು. ಹೊಲಗಳಿಗೆ ಸರ್ವೆ ನಂಬರ್ ಬಿತ್ತು. ನಂಬರಿನ ಎದುರು ಒಬ್ಬ ಗಂಡಸಿನ ಹೆಸರು ಬಂತು. ವಂಶಪಾರಂಪರ್ಯದ ಶಾನುಭೋಗಿಕೆ 1961ರ ಕಾಯ್ದೆಯಿಂದ ರದ್ದಾಗಿ, 1963ರ ಫೆಬ್ರವರಿಯಿಂದ ಆ ಜಾಗಕ್ಕೆ ಸರ್ಕಾರಿ ನೌಕರರಾದ ಗ್ರಾಮ ಲೆಕ್ಕಿಗರು ಬಂದ್ರು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಹತ್ತಿದವು. ಈಗ ನಾವು ಮೆಟ್ರೋದಲ್ಲಿ ನಿಂತ್ಕೊಂಡೇ ಊರಿನ ಪಹಣಿ ನೋಡಬಹುದು.

ತಾಲ್ಲೂಕು ಕಚೇರಿಯ ಹಳೇ ದಾಖಲೆಗೆ ಅರ್ಜಿ ಹಾಕಿ ತೆಗೆಸಿದ ಪ್ರತಿಗಳಲ್ಲಿ ನಮ್ಮ ಮನೆಯ ಗಂಡಸರು ಸಾಲಾಗಿ ಸಿಕ್ಕಿದ್ರು. ದೊಡ್ಡಪ್ಪ ಬಾಯಲ್ಲಿ ಹೇಳಿದ ಐದು ಹೆಸರಲ್ಲಿ ನಾಲ್ಕು ಹೊಂದಿಕೆಯಾಯ್ತು. ಐದನೆಯವರ ಹಿಂದೆ ಮಾತ್ರ ಏನೂ ಇಲ್ಲ, ಗೋಡೆ ಕಟ್ಟಿದ ಹಾಗೆ. ನಮ್ಮ ಮನೆಯಲ್ಲಿ "ನಾವು ಬರದಲ್ಲಿ ಬಂದವರು" ಅಂತ ಒಂದು ಮಾತಿದೆ. ಅದರ ಅರ್ಥ ತಿಳಿದಿದ್ದು ಈ ಗೋಡೆ ಕಂಡ ಮೇಲೆ. 1876ರಲ್ಲಿ, ಧಾತು ಸಂವತ್ಸರದಲ್ಲಿ ಶುರುವಾದ ಬರ ಮರುವರ್ಷ ಈಶ್ವರದಲ್ಲೂ ಮುಂದುವರೀತು. ಮೈಸೂರಿನ ಜನಗಣತಿ ನೋಡಿ: 1871ರಲ್ಲಿ 50 ಲಕ್ಷದ 55 ಸಾವಿರ ಜನ, 1881ರಲ್ಲಿ 41 ಲಕ್ಷದ 86 ಸಾವಿರ. ಹತ್ತು ವರ್ಷದಲ್ಲಿ ಬೆಳೀಬೇಕಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಕಮ್ಮಿಯಾಯ್ತು, ಆರರಲ್ಲಿ ಒಂದು ಭಾಗ. ಸತ್ತವರು, ಊರು ಬಿಟ್ಟವರು, ಎಲ್ಲಿಗೋ ಹೋಗಿ ಸೇರಿಕೊಂಡವರು. ನಿಮ್ಮ ಮನೆಯ ವಂಶಾವಳಿಯೂ 1880ರ ಆಚೀಚೆ ಒಬ್ಬನೇ ಗಂಡಸಿನಿಂದ ಶುರುವಾಗ್ತಿದ್ರೆ, ಅವನು ಎಲ್ಲಿಂದ ಬಂದ, ಯಾರನ್ನ ಕಳ್ಕೊಂಡು ಬಂದ ಅಂತ ಒಂದ್ಸಲ ಕೇಳಿ ನೋಡಿ.

ಅಂತೂ ಹೆಳವರಿಗೆ ರಾಗಿ ಕೊಡೋನು ಬೇಕಿತ್ತು, ಸರ್ಕಾರಕ್ಕೆ ಕಂದಾಯ ಕಟ್ಟೋನು ಬೇಕಿತ್ತು. ಮುತ್ತಜ್ಜಿ ಎರಡೂ ಅಲ್ಲ.

ಇದು ನಮ್ಮಂಥ ಹೆಸರಿಲ್ಲದ ರೈತರ ಮನೆಯ ಕಥೆ ಮಾತ್ರ ಅಂತ ಅನ್ಕೊಂಡಿದ್ದೆ. ಕನ್ನಡದ ಆದಿಕವಿಯ ಮನೆಯಲ್ಲೂ ಇದೇ! ಪಂಪ ವಿಕ್ರಮಾರ್ಜುನ ವಿಜಯದಲ್ಲಿ ತನ್ನ ವಂಶದ ಬಗ್ಗೆ ಹೇಳುವಾಗ ಹಿರಿಯನಾದ ಮಾಧವ ಸೋಮಯಾಜಿಯಿಂದ ತಂದೆಯವರೆಗೆ ಗಂಡಸರ ಸಾಲನ್ನ ಹೇಳ್ತಾನೆ. ಅವನ ತಾಯಿಯ ಹೆಸರು ನಮಗೆ ಸಿಕ್ಕಿದ್ದು ಈಗಿನ ತೆಲಂಗಾಣದ ಕುರ್ಕ್ಯಾಲದ ಬಂಡೆಯೊಂದರ ಮೇಲೆ. ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಶಾಸನ ಅದು, ಕನ್ನಡ, ತೆಲುಗು, ಸಂಸ್ಕೃತ ಮೂರೂ ಇದೆ. ತಾಯಿ ಅಬ್ಬಣಬ್ಬೆ, ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘ ಅನ್ನೋರ ಮೊಮ್ಮಗಳು ಅಂತ ಅದರಲ್ಲಿದೆ. ಪಂಪನಿಗೆ ಅಣ್ಣಿಗೇರಿಯ ನಂಟಿದೆ ಅನ್ನೋದಕ್ಕೆ ವಿದ್ವಾಂಸರು ಈ ಸಾಲನ್ನೇ ತೋರಿಸ್ತಾರೆ. ಆ ತಮ್ಮ ಕಲ್ಲಿನ ಮೇಲೆ ಅಮ್ಮನ ಹೆಸರು ಬರೆಸದೆ ಹೋಗಿದ್ರೆ? ಪಂಪನ ತಾಯಿ ಕೂಡ ನಮ್ಮ ಮುತ್ತಜ್ಜಿಯ ಹಾಗೆ ಎಕ್ಸೆಲ್ಲಿನ ಒಂದು ಖಾಲಿ ಚೌಕ ಆಗಿರ್ತಿದ್ರು.

ಇನ್ನೊಂದು ಉದಾಹರಣೆ ಅಷ್ಟು ಹಳೇದಲ್ಲ. 1951-52ರಲ್ಲಿ ದೇಶದ ಮೊದಲ ಮಹಾಚುನಾವಣೆ ನಡೀತಲ್ಲ, ಆಗ ಮತದಾರರ ಪಟ್ಟಿ ಮಾಡೋರು ಮನೆಮನೆಗೆ ಹೋದ್ರೆ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತಲೇ ಬರೆಸಿದ್ರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನ ಒಪ್ಪಲಿಲ್ಲ, ಸ್ವಂತ ಹೆಸರು ಬೇಕೇಬೇಕು ಅಂದ್ರು. ಕೊನೆಗೂ ಹೆಸರು ಸಿಗದ ಸುಮಾರು 28 ಲಕ್ಷ ಹೆಂಗಸರನ್ನ ಪಟ್ಟಿಯಿಂದ ತೆಗೆದುಹಾಕಬೇಕಾಯ್ತು. ಅವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು. ಇದನ್ನ ಓದಿದಾಗ ಸೇನ್ ಮಾಡಿದ್ದು ಕ್ರೂರ ಅನ್ನಿಸಿತ್ತು. ಈಗ ಹಾಗನ್ನಿಸಲ್ಲ. ಮುಂದಿನ ಚುನಾವಣೆಗಾದ್ರೂ ಅವರು ತಮ್ಮ ಹೆಸರಲ್ಲೇ ಬರಲಿ ಅನ್ನೋದು ಅವರ ಹಟ ಆಗಿತ್ತು.

ಎಲ್ಲ ಕಡೆಯೂ ಹೀಗೇ ಇರಬೇಕಾಗಿಲ್ಲ ಅಂತ ತೋರಿಸಿಕೊಟ್ಟಿದ್ದು ನನ್ನ ರೂಮ್‌ಮೇಟ್. ಅವಳು ಉಡುಪಿ ಕಡೆಯವಳು, ಅಳಿಯಕಟ್ಟಿನ ಮನೆತನ. ಅಲ್ಲಿ ಬರಿ, ಅಂದ್ರೆ ಗೋತ್ರದಂಥದ್ದು, ತಾಯಿಯಿಂದ ಮಕ್ಕಳಿಗೆ ಬರುತ್ತೆ. ಆಸ್ತಿ ಹಿಂದೆ ಮಾವನಿಂದ ಅಳಿಯನಿಗೆ, ಅಂದ್ರೆ ಅಕ್ಕತಂಗಿಯರ ಮಕ್ಕಳಿಗೆ ಹೋಗ್ತಿತ್ತು. ಕುಟುಂಬದ ಕವಲುಗಳನ್ನೂ ಹೆಂಗಸರಿಂದಲೇ ಎಣಿಸೋದು. ನನ್ನ ಶೀಟ್ ನೋಡಿ ಅವಳು ನಕ್ಕಳು: "ನಮ್ಮಲ್ಲಿ ಮುತ್ತಜ್ಜಿ ಗೊತ್ತಿಲ್ಲ ಅಂದ್ರೆ ವಂಶವೇ ಗೊತ್ತಿಲ್ಲ ಅಂತ. ಮುತ್ತಜ್ಜನ ಹೆಸರು ಬೇಕಾದ್ರೆ ಮರ್ತಿರ್ತೀವಿ!" ಅಲ್ಲೂ ಯಜಮಾನಿಕೆ ಗಂಡಸಿನದ್ದೇ ಅಂತ ಆಮೇಲೆ ಅವಳೇ ಒಪ್ಪಿಕೊಂಡಳು. ಆದ್ರೂ ಲೆಕ್ಕ ಯಾರ ಮೂಲಕ ಹೋಗುತ್ತೋ ಅವರ ಹೆಸರು ಉಳಿಯುತ್ತೆ ಅನ್ನೋದು ನನಗೆ ಸ್ಪಷ್ಟವಾಯ್ತು.

ಅಷ್ಟು ಹೊತ್ತಿಗೆ ಶೀಟ್ ಕೂಡ ಕೈಕೊಟ್ಟಿತ್ತು. ಮರದ ಚಿತ್ರ ಬರೆಯೋ ಆ್ಯಪ್‌ಗಳಿಗೆ ನಮ್ಮ ನೆಂಟಸ್ತನ ಅರ್ಥವೇ ಆಗೋದಿಲ್ಲ. ನಮ್ಮ ಚಿಕ್ಕಪ್ಪ ಮದುವೆಯಾಗಿದ್ದು ಅಕ್ಕನ ಮಗಳನ್ನ. ಅಂದ್ರೆ ನನ್ನ ಅತ್ತೆ ಚಿಕ್ಕಪ್ಪನಿಗೆ ಅಕ್ಕನೂ ಹೌದು, ಅತ್ತೆಯೂ ಹೌದು. ಆ್ಯಪ್ ಅವರನ್ನ ಎರಡೆರಡು ಸಲ ತೋರಿಸ್ತು. ಮೊಮ್ಮಗನಿಗೆ ತಾತನ ಹೆಸರಿಡೋ ಪದ್ಧತಿಯಿಂದ ಇಬ್ಬರನ್ನ ಒಬ್ಬರೇ ಅಂತ ತಿಳಿದು ಸೇರಿಸಿಬಿಟ್ಟಿತು. ಸರ್‌ನೇಮ್ ಕೇಳಿದ ಕಡೆ ಒಬ್ಬರು ಊರು ಬರೆದ್ರು, ಇನ್ನೊಬ್ಬರು ಅಪ್ಪನ ಹೆಸರು ಬರೆದ್ರು. ಹುಟ್ಟಿದ ತಾರೀಖಂತೂ ಕೇಳಲೇಬೇಡಿ, ಅರ್ಧಕ್ಕರ್ಧ ಜನ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ್ದು. "ನಾನೂ ಎಷ್ಟೋ ಜನಕ್ಕೆ ಹಾಗೇ ಹಾಕಿದ್ದೀನಿ" ಅಂತ ದೊಡ್ಡಪ್ಪ ಒಪ್ಪಿಕೊಂಡ್ರು. ಅಷ್ಟರಲ್ಲಿ ಅವರಿಗೂ ಇದರಲ್ಲಿ ರುಚಿ ಹತ್ತಿತ್ತು.

ಒಂದು ಭಾನುವಾರ ಶೀಟ್ ನೋಡ್ತಾ ಕೂತಿದ್ದಾಗ ಗೊತ್ತಾಯ್ತು: ತಾತನ ಅಣ್ಣತಮ್ಮಂದಿರೆಲ್ಲ ಇದ್ದಾರೆ, ಅಕ್ಕತಂಗಿಯರೇ ಇಲ್ಲ. ಸಣ್ಣಜ್ಜಿ, ಅಂದ್ರೆ ತಾತನ ಕೊನೇ ತಂಗಿ, ಅರಸೀಕೆರೆ ಕಡೆ ಕೊಟ್ಟವರು, ಇನ್ನೂ ಬದುಕಿದ್ದಾರೆ. ಎಂಬತ್ತಾರು ವರ್ಷ. ಮುತ್ತಜ್ಜಿಯ ಹೊಟ್ಟೆಯಲ್ಲಿ ಹುಟ್ಟಿ ಈಗಲೂ ಬದುಕಿರೋರು ಅವರೊಬ್ಬರೇ. ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿದೆ ಅಂತ ಊರೆಲ್ಲ ಹೇಳ್ತಿದ್ದ ನಾನೇ ಅವರನ್ನ ಬಿಟ್ಟಿದ್ದೆ. ಮದುವೆಯಾಗಿ ಬೇರೆ ಮನೆಗೆ ಹೋದವರು ನಮ್ಮ ಪಟ್ಟಿಯಲ್ಲಿ ಬರಲ್ಲ ಅಂತ ನನ್ನ ತಲೆಯಲ್ಲೂ ಕೂತಿತ್ತು.

ಮುಂದಿನ ಶನಿವಾರ ಅರಸೀಕೆರೆ ಬಸ್ ಹತ್ತಿದೆ.

ಸಣ್ಣಜ್ಜಿಗೆ ಕಣ್ಣು ಮಂಜಾಗಿದೆ, ಕಿವಿ ಚೆನ್ನಾಗಿದೆ. ಊಟ ಆದ್ಮೇಲೆ ಜಗಲಿ ಮೇಲೆ ಕೂತು, "ಅಜ್ಜೀ, ನಿಮ್ಮವ್ವನ ಹೆಸರೇನು?" ಅಂತ ಕೇಳಿದೆ. ಬಾಯಲ್ಲಿದ್ದ ಎಲೆಅಡಿಕೆ ಅಗಿಯೋದು ನಿಲ್ಲಿಸಿದ್ರು. "ಈ ವಯಸ್ಸಿಗೆ ಬಂದ್ರೂ ಯಾರೂ ನನ್ನ ಅದ ಕೇಳಿರ್ಲಿಲ್ಲ ಕಣವ್ವ" ಅಂದ್ರು. ಆಮೇಲೆ ಹೆಸರು ಹೇಳಿದ್ರು. ಒಂದೇ ಸೆಕೆಂಡ್. ಎರಡು ವರ್ಷದಿಂದ ಹುಡುಕಿದ್ದು ಅದು.

ಆದ್ರೆ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಅವ್ವ ನಮ್ಮಪ್ಪುಂಗೆ ಕೂಡಿಕೆ ಆಗಿ ಬಂದಿದ್ದು. ಮೊದ್ಲು ತಿಪಟೂರು ಕಡೆ ಕೊಟ್ಟಿದ್ರು. ಆ ಗಂಡ ಹೋದ. ಒಂದು ಹೆಣ್ಣು ಮಗ ಇತ್ತು. ಅದನ್ನ ಅಲ್ಲೇ ಬಿಟ್ಟು ಬಂದ್ಲು" ಅಂದ್ರು.

ಕೂಡಿಕೆ ಅನ್ನೋ ಪದ ನಿಮಗೆ ಹೊಸದಿರಬಹುದು. ಕೂಡಾವಳಿ, ಉಡಿಕೆ, ಸೀರುಡಿಕೆ ಅಂತಲೂ ಹೇಳ್ತಾರೆ. ವಿಧವಾ ವಿವಾಹ ಅಂದ ಕೂಡಲೇ ನಮಗೆಲ್ಲ ಪಠ್ಯಪುಸ್ತಕದ ಈಶ್ವರಚಂದ್ರ ವಿದ್ಯಾಸಾಗರ, 1856ರ ಕಾಯ್ದೆ ನೆನಪಾಗುತ್ತೆ. ಆದ್ರೆ ನಮ್ಮ ಕಡೆಯ ಬಹಳಷ್ಟು ಬೇಸಾಯಗಾರ, ಕುಶಲಕರ್ಮಿ ಜಾತಿಗಳಲ್ಲಿ ಯಾವ ಕಾನೂನೂ ಬರೋ ಮುಂಚಿನಿಂದಲೇ ಗಂಡ ಸತ್ತವಳು ಮತ್ತೊಬ್ಬನ ಕೈ ಹಿಡಿಯೋ ಪದ್ಧತಿ ಇತ್ತು. ಎಚ್.ವಿ. ನಂಜುಂಡಯ್ಯ, ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಜಾತಿಗಳ ಸಂಪುಟಗಳಲ್ಲಿ ಜಾತಿ ಜಾತಿಗೂ ಇದರ ವಿವರ ಇದೆ. ಧಾರೆ ಇಲ್ಲ, ಓಲಗ ಇಲ್ಲ. ಹೆಚ್ಚಾಗಿ ಕತ್ತಲಾದ ಮೇಲೆ, ನಾಲ್ಕು ಜನರ ಮುಂದೆ ಒಂದು ಸೀರೆ ಕೊಟ್ಟು ಕರ್ಕೊಂಡು ಬರೋದು. ಪದ್ಧತಿ ಬದುಕೋಕೆ ದಾರಿ ಕೊಡ್ತಿತ್ತು, ಮರ್ಯಾದೆ ಪೂರ್ತಿ ಕೊಡ್ತಿರಲಿಲ್ಲ. ಕೂಡಿಕೆಯವಳು ಬೇರೆಯವರ ಮದುವೆ ಶಾಸ್ತ್ರಗಳಲ್ಲಿ ಮುಂದೆ ನಿಲ್ಲೋ ಹಾಗಿಲ್ಲ. ಕೆಲವು ಕಡೆ ಅವರ ಮಕ್ಕಳನ್ನೇ ಬೇರೆ ಸಾಲು ಅಂತ ಎಣಿಸ್ತಿದ್ರು.

ಈಗ ಅರ್ಥವಾಯ್ತು. ಮುತ್ತಜ್ಜಿಯ ಹೆಸರು ಮರೆತಿದ್ದು ಸುಮ್ಮನೆ ಅಲ್ಲ. ಯಾರೋ ಒಬ್ಬರು, ಯಾವತ್ತೋ, ಆ ಮಾತನ್ನ ಮಕ್ಕಳ ಮುಂದೆ ಆಡಬಾರದು ಅಂತ ತೀರ್ಮಾನ ಮಾಡಿದ್ರು. ತಾತನಿಗೆ ಖಂಡಿತ ಗೊತ್ತಿತ್ತು, ಅವರು ಹೇಳಲಿಲ್ಲ.

"ಆ ಹೆಣ್ಣು ಮಗು ಏನಾಯ್ತು ಅಜ್ಜೀ?"

"ಏನಾಗೋದು? ನಮ್ಮಕ್ಕ ಅಲ್ವಾ ಅವ್ಳು. ಅವ್ವ ಹೋದಾಗ ನಂಗೆ ಒಂಬತ್ತು ವರ್ಷ. ಮದುವೆಯಾಗಿ ಚೊಚ್ಚಲ ಹೆರಿಗೆಗೆ ತವರಲ್ಲಿ ನೋಡ್ಕೊಳ್ಳೋರು ಯಾರಿದ್ರು? ಅವಳೇ ಗಾಡಿ ಕಟ್ಟಿಸ್ಕೊಂಡು ಬಂದು ಕರ್ಕೊಂಡು ಹೋದ್ಲು. ಮೂರು ತಿಂಗಳು ಬಾಣಂತನ ಮಾಡಿದ್ಲು. ಅವ್ವ ಬಿಟ್ಟೋದವಳು ಅಂತ ಒಂದು ದಿನ ಆಡ್ಲಿಲ್ಲ."

ಅವರು ಈಗಿಲ್ಲ. ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಸಣ್ಣಜ್ಜಿಯ ಮನೆಗೆ ಅವರು ಇವತ್ತಿಗೂ ಬಂದುಹೋಗಿ ಮಾಡ್ತಾರೆ. ಅವರಲ್ಲೊಬ್ಬಳು ಬೆಂಗಳೂರಲ್ಲಿ, ನನ್ನ ಆಫೀಸಿಂದ ಎರಡು ಸಿಗ್ನಲ್ ಆಚೆ ಕೆಲಸ ಮಾಡ್ತಾಳೆ. ಒಂದೇ ಮುತ್ತಜ್ಜಿಯ ಮರಿಮಕ್ಕಳು ನಾವು, ಪರಸ್ಪರ ಇದ್ದೀವಿ ಅಂತಲೇ ಗೊತ್ತಿರಲಿಲ್ಲ.

ಇದನ್ನೆಲ್ಲ ಗ್ರೂಪಿಗೆ ಹಾಕಬೇಕಾ? ಬಸ್ಸಲ್ಲಿ ಬರುವಾಗಲೇ ಬೆರಳು ಓಡ್ತಿತ್ತು, ನಿಜ ಹೇಳ್ತೀನಿ. ತಡೆದುಕೊಂಡು ಮೊದಲು ದೊಡ್ಡಪ್ಪನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಸುಮ್ಮನಿದ್ರು. ಆಮೇಲೆ, "ಭೈರಪ್ಪನವರ ವಂಶವೃಕ್ಷ ಓದಿದ್ದೀಯಲ್ಲ? ವಂಶ ವಂಶ ಅಂತ ಬದುಕಿದ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಸತ್ಯ ಗೊತ್ತಾಗಿ ಏನಾಯ್ತು? ಹಳೇದನ್ನ ಕೆದಕಬಾರದು. ಅದೂ ಅಲ್ಲದೆ ಈಗ ಹುಡುಗನಿಗೆ ಹೆಣ್ಣು ನೋಡ್ತಾ ಇದ್ದೀವಿ" ಅಂದ್ರು. ನಾನು ವಾದ ಮಾಡಿದೆ. ಶ್ರೋತ್ರಿಗಳು ಸತ್ಯ ಗೊತ್ತಾದ ಮೇಲೆ ಅದನ್ನ ಮುಚ್ಚಿಡಲಿಲ್ಲವಲ್ಲ ಅಂದೆ. ಫೋನ್ ಇಟ್ಟರು. ಆ ವಾರ ಗ್ರೂಪಿಂದ ಹೊರಗೆ ಹೋದ್ರು.

ನನಗೆ ಕೋಪ ಬಂತು, ಆಮೇಲೆ ಹೆದರಿಕೆ ಆಯ್ತು. ಒಂದು ಹೆಸರಿಗೋಸ್ಕರ ಬದುಕಿರೋ ದೊಡ್ಡಪ್ಪನನ್ನ ಕಳ್ಕೊಳ್ಳಬೇಕಾ? ಸಣ್ಣಜ್ಜಿಗೇ ಕೇಳಿದೆ. ಅವರು ಹೇಳಿದ್ದು ಇಷ್ಟು: "ನಮ್ಮವ್ವನ ಹೆಸ್ರು ನಮ್ಮನೇರಿಗೆ ಗೊತ್ತಾಗ್ಲಿ. ತಿಪಟೂರೋರಿಗೆ ನಿಮ್ಮ ಗುರುತು ಆಗ್ಲಿ. ಊರ ಬಾಯಿಗೆ ಹಾಕ್ಬೇಡ."

ಅದನ್ನೇ ನಿಯಮ ಮಾಡಿಕೊಂಡೆ. ಬದುಕಿರೋರ ಬಗ್ಗೆ ಅವರನ್ನ ಕೇಳದೆ ಏನೂ ಬರೆಯೋ ಹಾಗಿಲ್ಲ. ಸತ್ತವರ ಬಗ್ಗೆ ಅವರಿಗೆ ಅತಿ ಹತ್ತಿರದವರು ಯಾರು ಬದುಕಿದ್ದಾರೋ ಅವರ ಮಾತೇ ಕೊನೆ. ಹೆಸರು ಮತ್ತು ನಂಟು ಎಲ್ಲರಿಗೂ, ಕಥೆ ಕೇಳಿದವರಿಗೆ ಮಾತ್ರ, ಅದೂ ಎದುರಿಗೆ ಕೂತು. ಗ್ರೂಪಿಗೆ ಕಳಿಸಿದ ಪಟ್ಟಿಯಲ್ಲಿ ಮುತ್ತಜ್ಜಿಯ ಹೆಸರಿದೆ, ಅವರ ಎಲ್ಲ ಮಕ್ಕಳ ಹೆಸರೂ ಇದೆ, ಮೊದಲ ಮಗಳದ್ದೂ ಸೇರಿ. ಅವಳ ತಂದೆ ಯಾರು ಅನ್ನೋ ಜಾಗದಲ್ಲಿ ಆ ಮನೆಯವರು ಒಪ್ಪಿ ಕೊಟ್ಟ ಹೆಸರಿದೆ. ಕೂಡಿಕೆ ಅನ್ನೋ ಪದ ಎಲ್ಲೂ ಇಲ್ಲ. ಲೆಕ್ಕ ಹಾಕಿದವರಿಗೆ ತಿಳಿಯುತ್ತೆ.

ಪಟ್ಟಿ ಹೋದ ದಿನ ಅತ್ತೆಯಂದಿರು ಹಾಕಿದಷ್ಟು ಮೆಸೇಜು ಆ ಗ್ರೂಪಿನಲ್ಲಿ ಯಾವತ್ತೂ ಬಂದಿರಲಿಲ್ಲ. ಒಬ್ಬರು ತಮ್ಮ ಹೆಸರು ಹುಡುಕಿ ಅದರ ಸುತ್ತ ಕೆಂಪು ಗೆರೆ ಎಳೆದು ಕಳಿಸಿದ್ರು. ಅಷ್ಟೇ, ಬೇರೆ ಏನೂ ಬರೆದಿರಲಿಲ್ಲ.

ಕಳೆದ ಮಹಾಲಯಕ್ಕೆ ಊರಿಗೆ ಹೋದಾಗ ದೊಡ್ಡಪ್ಪ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಕಳಶ ಇಟ್ಟರು, ಪಂಚೆ ಇಟ್ಟರು, ಸೀರೆ ಇಟ್ಟರು. ಪೂಜೆ ಮಾಡುವಾಗ ಒಬ್ಬೊಬ್ಬರ ಹೆಸರು ಹೇಳಿ ಹೂವು ಹಾಕ್ತಾ ಬಂದು, ಅಜ್ಜಿ ಹೆಸರು ಹೇಳಿ ಸ್ವಲ್ಪ ನಿಲ್ಲಿಸಿ, ಇನ್ನೊಂದು ಹೆಸರು ಹೇಳಿದ್ರು. ಮೆಲ್ಲಗೆ, ತಮ್ಮಷ್ಟಕ್ಕೆ ತಾವು. ಆಮೇಲೆ ಬಾಗಿಲು ಹಾಕಿ ಎಲ್ಲರೂ ಹೊರಗೆ ಬಂದ್ವಿ. ಗ್ರೂಪಿಗೆ ಅವರಿನ್ನೂ ವಾಪಸ್ ಬಂದಿಲ್ಲ.

ಆ ಹೆಸರನ್ನ ನಾನು ಇಲ್ಲಿ ಬರೀತಿಲ್ಲ, ಸಣ್ಣಜ್ಜಿಗೆ ಮಾತು ಕೊಟ್ಟಿದ್ದೀನಿ. ಆದ್ರೆ ನಿಮಗೊಂದು ಕೆಲಸ ಇದೆ. ನಿಮ್ಮ ಮನೆಯಿಂದ ಬೇರೆ ಊರಿಗೆ ಮದುವೆಯಾಗಿ ಹೋದ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯರು ಯಾರಿದ್ದಾರೆ ನೋಡಿ. ಪಹಣಿ, ಆ್ಯಪ್ ಎಲ್ಲ ಆಮೇಲೆ ಇರಲಿ, ಅವು ಎಲ್ಲೂ ಓಡಿಹೋಗೋದಿಲ್ಲ. ಈ ಭಾನುವಾರ ಅವರ ಮನೆಗೆ ಹೋಗಿ, ಆಗದಿದ್ರೆ ಫೋನಾದ್ರೂ ಮಾಡಿ. ಊಟ ಆಯ್ತಾ ಅಂತ ಕೇಳಿ. ಆಮೇಲೆ ಅವರ ಅವ್ವನ ಹೆಸರೇನು ಅಂತ ಕೇಳಿ.